ಹಳೇ ಎಂಟು, ಹೊಸ ಎಂಟು

ಮಳೆಯಲ್ಲಿ ನೆಂದ ಮರ ಕರೆಂಟಿಗೆ ಸುಟ್ಟರೆ ಒಂದು ವಾಸನೆ ಬರುತ್ತೆ. ಒಲೆ ಹೊಗೆಯ ವಾಸನೆ ಅಲ್ಲ ಅದು. ಹುಳಿಹುಳಿಯಾಗಿ ಮೂಗಿನ ಮೇಲ್ಗಡೆ ಹೋಗಿ ಕೂತುಬಿಡುತ್ತೆ, ಏನು ಮಾಡಿದರೂ ಹೋಗಲ್ಲ. ಮೊನ್ನೆ ತಂಗಿ ಮಗನ ಮನೆ ಗೃಹಪ್ರವೇಶ ಅಂತ ತೂಬಗೆರೆ ಬಸ್ಸು ಹತ್ತಿದ್ದೆ. ದಾರಿಯಲ್ಲಿ ಮಳೆ ಹಿಡಿದು ಬಸ್ಸು ನಿಂತಿತು. ರಸ್ತೆ ಪಕ್ಕದಲ್ಲಿ ಕರೆಂಟಿನವರು ಇಬ್ಬರು ಒಂದು ಹಳೇ ಮರದ ಕಂಬ ಕೆಡವಿ ಮಲಗಿಸಿದ್ದರು, ತುದಿ ಕರ್ರಗೆ ಸುಟ್ಟಿತ್ತು. ಕಿಟಕಿಯಿಂದ ಆ ವಾಸನೆ ಒಳಗೆ ಬಂತು ನೋಡಿ, ಕೂತ ಕಡೆಯೇ ನನ್ನ ಮಂಡಿ ನಡುಗೋಕೆ ಶುರುವಾಯ್ತು. ಪಕ್ಕದಲ್ಲಿದ್ದ ಹೆಣ್ಣುಮಗಳು "ಚಳಿನಾ ತಾತ?" ಅಂದಳು. ಹೂಂ ಅಂದೆ. ಇನ್ನೇನು ಹೇಳೋದು, ನಲವತ್ತು ವರ್ಷದ ಹಿಂದಿನ ಹೆದರಿಕೆ ಇದು ತಾಯಿ ಅಂತ ಹೇಳೋಕಾಗುತ್ತಾ.

ಅದು ಯುದ್ಧ ನಡೆಯುತ್ತಿದ್ದ ಕಾಲ. ನಾನು ದೊಡ್ಡಬಳ್ಳಾಪುರದ ಕರೆಂಟ್ ಸ್ಟೇಷನ್ನಿನಲ್ಲಿ ಆಪರೇಟರು. ಸ್ಟೇಷನ್ನು ಅಂದರೆ ಊರಾಚೆ ಒಂದು ಹೆಂಚಿನ ಕೋಣೆ, ಹಿತ್ತಿಲಲ್ಲಿ ಟ್ರಾನ್ಸ್‌ಫಾರ್ಮರು, ಗೋಡೆಗೆ ಸಾಲಾಗಿ ಕಬ್ಬಿಣದ ಸ್ವಿಚ್ಚುಗಳು. ಒಂದೊಂದು ಸ್ವಿಚ್ಚಿಗೆ ಒಂದೊಂದು ಲೈನು. ತೂಬಗೆರೆ ಕಡೆ ಹೋಗುವ ಲೈನಿನ ಸ್ವಿಚ್ಚು ಬಾಗಿಲ ಪಕ್ಕದ್ದು. ಅದಕ್ಕೆ ಮೊಳಕೈ ಉದ್ದದ ಒಂದು ಹಿಡಿ, ಅದನ್ನ ಕಿತ್ತು ತೆಗೆಯಬಹುದಿತ್ತು. ಹಿಡಿ ಸಿಕ್ಕಿಸಿ ಮೇಲಕ್ಕೆ ಎತ್ತಿದರೆ ಅಷ್ಟೂ ದೂರದ ತಂತಿಗೆ ಹನ್ನೊಂದು ಸಾವಿರ ವೋಲ್ಟು ನುಗ್ಗುತ್ತಿತ್ತು. ಲೈನಿನಲ್ಲಿ ಎಲ್ಲಾದರೂ ಕೆಟ್ಟಿದ್ದರೆ ಸ್ವಿಚ್ಚು ತಾನೇ ಧಡ್ ಅಂತ ಬೀಳುತ್ತಿತ್ತು. ಎಲ್ಲಿ ಕೆಟ್ಟಿದೆ ಅಂತ ಮಾತ್ರ ಅದು ಹೇಳುತ್ತಿರಲಿಲ್ಲ. ಅದನ್ನ ಹುಡುಕೋದು ಲೈನ್‌ಮನ್ ಖಾದರ್ ಸಾಬರ ಕೆಲಸ.

ಸಾಬರು ನನಗಿಂತ ಹದಿನೈದು ವರ್ಷ ದೊಡ್ಡವರು. ತೆಳ್ಳಗೆ, ಎತ್ತರಕ್ಕೆ, ಮಾತು ಕಮ್ಮಿ. ಕಂಬ ಹತ್ತೋಕೆ ಸೊಂಟಕ್ಕೊಂದು ಹಗ್ಗ, ಹೆಗಲಿಗೆ ಒಂದು ಚೀಲ, ಅಷ್ಟೇ ಅವರ ಆಸ್ತಿ. ಲೈನಿನಲ್ಲಿ ಫೋನು ಗೀನು ಏನೂ ಇರಲಿಲ್ಲ. ಅವರು ನಾಲ್ಕೈದು ಮೈಲಿ ಆಚೆ ಕಂಬದ ಮೇಲೆ, ನಾನು ಇಲ್ಲಿ ಹಿಡಿ ಹಿಡಕೊಂಡು. ಅದಕ್ಕೆ ಟೈಮು ಕೊಡೋದು ಅಂತ ಒಂದು ಪದ್ಧತಿ ಮಾಡಿಕೊಂಡಿದ್ದೆವು. "ಇಷ್ಟು ಗಂಟೆಗೆ ನಾನು ಕೆಳಗಿಳಿದಿರ್ತೀನಿ, ನೀನು ಹಾಕು" ಅನ್ನೋರು. ನಾನು ಗೋಡೆ ಗಡಿಯಾರ ನೋಡಿ ಸರಿಯಾಗಿ ಅಷ್ಟು ಹೊತ್ತಿಗೆ ಹಾಕುತ್ತಿದ್ದೆ. ನಡುವೆ ಒಂದು ಕಂಬದಲ್ಲಿ ತಂತಿ ಬಿಡಿಸಿ ಲೈನನ್ನ ಎರಡು ತುಂಡು ಮಾಡಿರೋರು. ನಾನು ಹಾಕಿದ್ದು ನಿಂತರೆ ಈಚೆ ತುಂಡು ಚೆನ್ನಾಗಿದೆ, ಕಾಯಿಲೆ ಆಚೆ ತುಂಡಿನಲ್ಲಿ. ಬಿದ್ದರೆ ಈಚೆಯೇ. ಆಮೇಲೆ ಆ ತುಂಡನ್ನ ಮತ್ತೆ ಅರ್ಧ ಮಾಡೋದು. ಹೀಗೆ ಹುಡುಕುತ್ತಾ ಹೋದರೆ ಕೊನೆಗೆ ನಾಲ್ಕು ಕಂಬ ಉಳಿಯುತ್ತಿದ್ದವು.

ಇದರಲ್ಲಿ ಒಂದು ಎಡವಟ್ಟಿತ್ತು. ಯುದ್ಧ ಅಂತ ಸರ್ಕಾರದವರು ಗಡಿಯಾರವನ್ನ ಒಂದು ಗಂಟೆ ಮುಂದಕ್ಕೆ ತಳ್ಳಿದ್ದರು. ರೈಲು, ಕಚೇರಿ, ನಮ್ಮ ಸ್ಟೇಷನ್ನು ಎಲ್ಲಾ ಹೊಸ ಟೈಮು. ಹಳ್ಳಿಯವರು ಕೇಳಬೇಕಲ್ಲ, "ಸರ್ಕಾರ ಹೇಳ್ತು ಅಂತ ಸೂರ್ಯ ಬೇಗ ಹುಟ್ಟುತ್ತಾ?" ಅಂತ ಹಳೇ ಟೈಮನ್ನೇ ಇಟ್ಟುಕೊಂಡಿದ್ದರು. ಸಾಬರ ಹತ್ತಿರ ವಾಚಿರಲಿಲ್ಲ. ಬೆಳಗ್ಗೆ ಊರಿಂದ ಹೊರಟರೆ ಸ್ಟೇಷನ್ನಿನ ಗಡಿಯಾರ ನೋಡಿಕೊಂಡು ಹೋಗೋರು, ಅಂದಾಜು ತಪ್ಪುತ್ತಿರಲಿಲ್ಲ. ರಾತ್ರಿ ಹಳ್ಳಿಯಲ್ಲಿ ತಂಗಿದರೆ ತೂಬಗೆರೆಯ ಮೇಷ್ಟರ ಮನೆ ಗಡಿಯಾರವೇ ಗತಿ, ಅದು ಹಳೇ ಟೈಮು. ಅದಕ್ಕೇ ಅವರು ಗಂಟೆ ಹೇಳಿದಾಗೆಲ್ಲ ನಾನು "ಹೊಸದಾ, ಹಳೇದಾ?" ಅಂತ ಕೇಳಲೇಬೇಕು, ಅವರು ಹೇಳಲೇಬೇಕು. ಊಟಕ್ಕೆ ಮುಂಚೆ ಕೈ ತೊಳೆಯೋ ಹಾಗೆ ಆಗಿಹೋಗಿತ್ತು ನಮಗೆ.

ಆ ವರ್ಷ ಹಸ್ತ ಮಳೆ ಹಿಡಿದದ್ದು ಚಿತ್ತೆ ಬಂದರೂ ಬಿಡಲಿಲ್ಲ. ಹೊಲದಲ್ಲಿ ರಾಗಿ ತೆನೆ ಕಟ್ಟುವ ಹೊತ್ತು, ರೈತರಿಗೇನೋ ಖುಷಿ. ನಮಗೆ ಮಾತ್ರ ಶನಿ ವಕ್ಕರಿಸಿತ್ತು. ತೂಬಗೆರೆ ಲೈನು ದಿನಾ ಬೀಳೋದು. ಮಳೆ ಬಿದ್ದು ಕಂಬ ನೆಂದರೆ ಧಡ್. ಎರಡು ಗಂಟೆ ಬಿಸಿಲು ಕಾದು ಹಾಕಿದರೆ ಏನೂ ಆಗಿಲ್ಲ ಅನ್ನೋ ಹಾಗೆ ನಿಲ್ಲೋದು. ನೆಂದಾಗ ಮಾತ್ರ ಇರುವ, ಒಣಗಿದಾಗ ಮಾಯವಾಗುವ ಈ ಥರದ ಫಾಲ್ಟು ಹುಡುಕೋದು ಅಂದರೆ ಜೀವ ತೆಗೆಯೋ ಕೆಲಸ. ಎಲ್ಲೋ ಕಂಬದ ತುದಿಯಲ್ಲಿ ತಂತಿ ಕಟ್ಟುವ ಒಂದು ಪಿಂಗಾಣಿ ಬಟ್ಟಲಿನಲ್ಲಿ ಕೂದಲೆಳೆ ಬಿರುಕು ಇರುತ್ತೆ, ಕೆಳಗಿಂದ ನೋಡಿದರೆ ಕಾಣಲ್ಲ. ಸಾಬರು ಮೂರು ವಾರ ಆ ಲೈನನ್ನ ನಡೆದರು. ಕಂಬ ಕಂಬಕ್ಕೆ ಕಿವಿ ಕೊಟ್ಟು ಕೇಳಿದರು. ಏನೂ ಸಿಗಲಿಲ್ಲ.

ಊರಿಗೆ ಕುಡಿಯೋ ನೀರು ಎತ್ತುವ ಪಂಪು ಇದೇ ಲೈನಿನ ಮೇಲಿತ್ತು. ಲೈನು ಬಿದ್ದರೆ ನಲ್ಲಿಯಲ್ಲಿ ನೀರಿಲ್ಲ. ಜನ ಕೊಡ ಹಿಡಿದು ಬಂದು ಸೂಪರ್‌ವೈಸರಿಗೆ ಬೈಯೋರು, ಅವರು ಬಂದು ನನಗೆ ಬೈಯೋರು. ನಾನು ಮೊದಲೇ ಮುಂಗೋಪಿ. ಒಂದು ಸಂಜೆ ಸೂಪರ್‌ವೈಸರ್ ಎಲ್ಲರ ಎದುರಿಗೆ ನನ್ನನ್ನ ಕತ್ತೆ ಕಾಯೋಕೆ ಹೋಗು ಅಂದುಬಿಟ್ಟರು. ಆ ಹೊತ್ತಿಗೆ ಸಾಬರು ಕೆಸರು ಕಾಲಲ್ಲಿ ಒಳಗೆ ಬಂದರು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ಹಾಗಾಯ್ತು.

"ಕಂಬದ ಕೆಳಗೆ ಬೀಡಿ ಸೇದ್ತಾ ಕೂತ್ಕೊಂಡ್ರೆ ಫಾಲ್ಟು ತಾನಾಗೇ ಬಂದು ಸಲಾಮ್ ಹೊಡೆಯುತ್ತಾ ಸಾಬ್ರೇ?" ಅಂದೆ.

ಸಾಬರು ನನ್ನ ಮುಖ ನೋಡಿದರು. ಮೂರು ವಾರದಲ್ಲಿ ಅವರ ಕೆನ್ನೆ ಒಳಗೆ ಹೋಗಿತ್ತು, ಅಂಗಾಲು ಬಿರಿದಿತ್ತು, ಅದು ನನಗೆ ಗೊತ್ತಿತ್ತು. ಅವರು ಒಂದೇ ಮಾತು ಹೇಳಿದರು. "ನಾಳೆ ಎಂಟಕ್ಕೆ ಹಾಕು." ಹೇಳಿ ಹೊರಟುಹೋದರು. ಹೊಸದಾ ಹಳೇದಾ ಅಂತ ನಾನು ಕೇಳಲಿಲ್ಲ. ಬಾಯಿ ತುದಿಗೆ ಬಂದಿತ್ತು, ಆದರೆ ಈಗ ನಾನೇ ಮಾತಾಡಿಸಿದರೆ ಸೋತ ಹಾಗಾಗುತ್ತೆ ಅಂತ ಬಿಗುಮಾನ. ಹೇಗಿದ್ದರೂ ಬೆಳಗ್ಗೆ ಇಲ್ಲಿಂದ ತಾನೇ ಹೋಗೋದು, ಹೊಸ ಎಂಟೇ ಅಂತ ನನಗೆ ನಾನೇ ಹೇಳಿಕೊಂಡೆ.

ಮಾರನೆ ದಿನ ಜಿಟಿಜಿಟಿ ಮಳೆ. ಗಡಿಯಾರ ಎಂಟು ಹೊಡೆಯಿತು. ಹಿಡಿ ಎತ್ತಿದೆ. ಒಂದು ಉಸಿರು ಎಳೆಯುವಷ್ಟರಲ್ಲಿ ಸ್ವಿಚ್ಚು ಧಡ್ ಅಂತ ಬಿತ್ತು. ನನಗೆ ಖುಷಿಯೇ ಆಯ್ತು. ಅಂದರೆ ಕಾಯಿಲೆ ಈಚೆ ತುಂಡಿನಲ್ಲಿದೆ, ಅರ್ಧ ಕೆಲಸ ಮುಗಿಯಿತು. ಸಿಕ್ಕಿಬಿದ್ದ ಕಳ್ಳ ಅಂದುಕೊಂಡು ಪುಸ್ತಕದಲ್ಲಿ ಹೊತ್ತು ಬರೆದೆ. ಕಾಫಿ ಕುಡಿದೆ. ಆ ಕಾಫಿ ಕುಡಿದದ್ದು ನೆನೆಸಿಕೊಂಡರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆ.

ಕಾಲು ಗಂಟೆ ಕಳೆದಿರಬೇಕು, ಸಾಬರ ಹೆಂಡತಿ ಜೈನಾಬಿ ಬಾಗಿಲಿಗೆ ಬಂದರು. ಸೆರಗು ತಲೆ ಮೇಲೆ, ಕೈಯಲ್ಲಿ ಬಟ್ಟೆ ಗಂಟು. ನಾನು ಆಕೆಯನ್ನ ಅಕ್ಕ ಅಂತಲೇ ಕರೆಯುತ್ತಿದ್ದದ್ದು.

"ಆ ಕಡೆ ಹೋಗೋ ಗಾಡಿ ಏನಾದ್ರೂ ಇದ್ಯಾ ನಂಜುಂಡಪ್ಪ? ಅವರಿಗೆ ರೊಟ್ಟಿ ಕಳಿಸ್ಬೇಕಿತ್ತು. ನಿನ್ನೆ ರಾತ್ರೀನೂ ಊಟ ಮಾಡ್ದೆ ಹೋದ್ರು" ಅಂದರು.

"ನಿನ್ನೆ ಎಲ್ಲಿಗೆ ಹೋದ್ರು?"

"ತೂಬಗೆರೆಗೆ. ನಿನ್ ಹತ್ರ ಬಂದಿದ್ರಲ್ಲ, ಹಾಗೇ ಹೋದ್ರು. ಮೇಷ್ಟ್ರ ಜಗಲೀಲಿ ಮಲಗಿದ್ದು ಬೆಳಗ್ಗೆ ಕಂಬ ಹತ್ತೋದು ಅಂತ ಪಕ್ಕದ ಮನೆ ಹುಡುಗನ ಕೈಲಿ ಹೇಳಿ ಕಳಿಸಿದ್ರು. ನಿನಗೆ ಹೇಳ್ಲಿಲ್ವಾ?"

ಗೋಡೆ ಗಡಿಯಾರ ನೋಡಿದೆ, ಎಂಟೂಕಾಲು. ಮೇಷ್ಟರ ಮನೆ ಗಡಿಯಾರ. ಅದರಲ್ಲಿ ಇನ್ನೂ ಏಳೂಕಾಲು. ನಾನು ಹಿಡಿ ಎತ್ತಿದಾಗ ಸಾಬರಿಗೆ ಏಳು ಗಂಟೆ. ಇನ್ನೂ ಒಂದು ಗಂಟೆ ಇದೆ ಅಂತ ಅವರು ಕಂಬದ ಮೇಲಿದ್ದರು, ಬರಿಗೈಯಲ್ಲಿ ತಂತಿ ಹಿಡಿದಿದ್ದರು. ಸ್ವಿಚ್ಚು ಬಿದ್ದದ್ದು ಪಿಂಗಾಣಿಯಿಂದಲ್ಲ. ಮನುಷ್ಯ ತಂತಿಗೆ ತಗುಲಿದರೂ ಸ್ವಿಚ್ಚು ಹಾಗೇ ಬೀಳೋದು.

ನನ್ನ ಮುಖ ನೋಡಿ ಜೈನಾಬಕ್ಕನಿಗೆ ಅರ್ಧ ಗೊತ್ತಾಗಿಹೋಯ್ತು. "ಏನಾಯ್ತು ಹೇಳು" ಅಂದರು. ಸುಳ್ಳು ಹೇಳೋಕೆ ನಾಲಿಗೆ ಬರಲಿಲ್ಲ.

"ಲೈನು ಹಾಕ್ಬಿಟ್ಟೆ ಅಕ್ಕ. ಒಂದು ಗಂಟೆ ಮುಂಚೆ ಹಾಕ್ಬಿಟ್ಟೆ."

"ಅವರು ಮೇಲಿದ್ರಾ?"

"ಗೊತ್ತಿಲ್ಲ."

ಆಕೆ ಗಂಟನ್ನ ನೆಲದ ಮೇಲಿಟ್ಟು ಗೋಡೆಗೆ ಕೈ ಕೊಟ್ಟು ನಿಂತರು. ನಾನು ಸ್ವಿಚ್ಚಿನ ಹಿಡಿ ಕಿತ್ತೆ. ಸ್ಟೇಷನ್ನಿಗೆ ಬೀಗ ಹಾಕಿ ಹೋಗೋಣ ಅಂದರೆ ಇನ್ನೊಂದು ಬೀಗದ ಕೈ ಸೂಪರ್‌ವೈಸರ್ ಹತ್ತಿರ. ಅವರು ಹತ್ತಕ್ಕೆ ಬರುತ್ತಾರೆ, ಲೈನು ಬಿದ್ದಿರೋದು ನೋಡಿ ತಾವೇ ಹಾಕಿಬಿಡುತ್ತಾರೆ. ಜೋಬಿನಲ್ಲಿ ಇಟ್ಟುಕೊಂಡು ಹೋಗೋಣ ಅಂದರೆ ಮೊಳಕೈ ಉದ್ದದ ಕಬ್ಬಿಣ, ಸೈಕಲ್ಲಿನಲ್ಲಿ ಎಲ್ಲಾದರೂ ಬಿದ್ದರೆ ಆಮೇಲೆ ಊರಿಗೇ ನೀರಿಲ್ಲ. ಆಕೆಯ ಕೈಗೇ ಕೊಟ್ಟೆ.

"ಯಾರು ಬಂದು ಕೇಳಿದ್ರೂ ಇದನ್ನ ಕೊಡ್ಬೇಡಿ" ಅಂದೆ. ಯಾಕೆ ಅಂತ ಹೇಳಲಿಲ್ಲ. ಸೈಕಲ್ ಹತ್ತಿದೆ.

ಫಾಲ್ಟು ಹುಡುಕೋದು ಏನು ಅಂತ ನನಗೆ ಗೊತ್ತಾಗಿದ್ದು ಅವತ್ತು. ಅಲ್ಲಿಯವರೆಗೆ ನಾನು ಕೋಣೆಯಲ್ಲಿ ಕೂತು ಹುಡುಕಿದವನು. ರಸ್ತೆ ಪೂರ್ತಿ ಕೆಸರು, ಚಕ್ರ ಹೂತುಕೊಳ್ಳೋದು. ಪ್ರತಿ ಕಂಬಕ್ಕೂ ತಲೆ ಎತ್ತಿ ನೋಡಬೇಕು. ನೋಡಬೇಕು ಅನ್ನಿಸೋದು, ನೋಡೋಕೆ ಹೆದರಿಕೆ. ಮೇಲೆ ಏನೂ ಇಲ್ಲದಿದ್ದರೆ ಒಂದು ನಿಮಿಷ ಸಮಾಧಾನ, ಮತ್ತೆ ಮುಂದಿನ ಕಂಬ. ಒಂದು ಕಡೆ ತಂತಿಯ ಮೇಲೆ ಕರ್ರಗೆ ಏನೋ ಜೋತಾಡುತ್ತಿತ್ತು. ಸೈಕಲ್ ಬಿಟ್ಟು ಬಿದ್ದೆ. ಎದ್ದು ನೋಡಿದರೆ ಸತ್ತ ಬಾವಲಿ, ಯಾವಾಗಿನದೋ. ಮತ್ತೆ ಸೈಕಲ್ ಹತ್ತಿದೆ. ನಮ್ಮ ಮನೆದೇವರಿಗೂ ಹರಕೆ ಹೊತ್ತೆ, ಸಾಬರ ದೇವರಿಗೂ ಹೊತ್ತೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರೆ. ನನ್ನದು ಆಡದೇ ಇದ್ದ ಮಾತು, ಅದಕ್ಕೊಂದು ಜೀವ ಹೋಗಿದ್ದರೆ ಏನು ಮಾಡೋದು.

ನಾಲ್ಕು ಮೈಲಿ ಮೇಲೆ ಬಂದಿದ್ದೆ. ಮಳೆ ನಿಂತಿತ್ತು. ಆಗ ಮೂಗಿಗೆ ಆ ವಾಸನೆ ಬಂತು. ನೆಂದ ಮರ, ಸುಟ್ಟದ್ದು. ಮರವೋ ಇನ್ನೇನೋ ಅಂತ ಯೋಚನೆ ಬಂದು ಸೈಕಲ್ಲಿಂದ ಇಳಿದುಬಿಟ್ಟೆ. ಮುಂದೆ ತಿರುವಿನಾಚೆ ಯಾರೋ ಗಟ್ಟಿಯಾಗಿ ಮಾತಾಡುತ್ತಿದ್ದರು. ಸೈಕಲ್ ತಳ್ಳಿಕೊಂಡು ಹೋದೆ. ರಾಗಿ ಹೊಲದ ಮಧ್ಯೆ ಒಂದು ಕಂಬ. ಅದರ ಬುಡದಲ್ಲಿ ಖಾದರ್ ಸಾಬರು ಕಾಲು ಚಾಚಿ ಕೂತಿದ್ದರು. ಹೊಲದ ಯಜಮಾನ ಮುನಿಯಪ್ಪ ಪಕ್ಕದಲ್ಲಿ ನಿಂತು, ತೆನೆ ತುಳಿದು ಹಾಳು ಮಾಡಿದಿರಿ ಅಂತ ಬೈಯುತ್ತಾ ಅವರಿಗೆ ತಂಬಿಗೆಯಲ್ಲಿ ನೀರು ಕುಡಿಸುತ್ತಿದ್ದ.

ನಾನು ಅಲ್ಲೇ ಕೆಸರಿನಲ್ಲಿ ಕುಸಿದು ಕೂತು ಅತ್ತುಬಿಟ್ಟೆ. ಗಂಡಸು, ನೌಕರಿಯವನು ಅಂತ ಏನೂ ನೋಡಲಿಲ್ಲ.

"ಅಳ್ಬೇಡ ಬಾ" ಅಂದರು ಸಾಬರು. "ತೋಳಿನ ಕೀಲು ತಪ್ಪಿದೆ, ಅಷ್ಟೇ. ಜೀವ ಇದೆ."

ಪಕ್ಕದ ಕಂಬದ ಕೆಳಗೆ ಒಂದು ಕಬ್ಬಿಣದ ಸರಪಳಿ ಎರಡು ತುಂಡಾಗಿ ಬಿದ್ದಿತ್ತು, ತುದಿ ಕರಗಿ ಗಂಟಾಗಿತ್ತು. ಕಂಬ ಹತ್ತುವ ಮುಂಚೆ ಮೂರು ತಂತಿಗೂ ಸರಪಳಿ ಎಸೆದು ಅದರ ಬುಡ ನೆಲಕ್ಕೆ ಹೂಳಬೇಕು ಅಂತ ರೂಲಿತ್ತು. ತಪ್ಪಿ ಯಾರಾದರೂ ಲೈನು ಹಾಕಿದರೆ ಕರೆಂಟು ಸರಪಳಿಯಲ್ಲಿ ನೆಲಕ್ಕೆ ಇಳಿಯುತ್ತೆ, ಮನುಷ್ಯ ಉಳಿಯುತ್ತಾನೆ. ಆದರೆ ಅದನ್ನ ಅಷ್ಟು ದೂರ ಹೊರೋರು ಯಾರು, ಹೆಗಲು ಮುರಿಯೋ ಭಾರ. ಸಾಬರು ನನ್ನ ಕಾಲದಲ್ಲಿ ಒಂದು ದಿನವೂ ಒಯ್ದವರಲ್ಲ. ನಂಜುಂಡಪ್ಪ ಇದ್ದಾನಲ್ಲ, ಸರಪಳಿ ಯಾಕೆ ಅನ್ನೋರು. ಅವತ್ತು ಅದು ಸಿಡಿದ ಸದ್ದಿಗೆ ಮೇಲಿದ್ದವರು ಬೆಚ್ಚಿ ಜಾರಿ, ಸೊಂಟದ ಹಗ್ಗಕ್ಕೆ ಜೋತುಬಿದ್ದಿದ್ದರು. ಮುನಿಯಪ್ಪ ಓಡಿಬಂದು ಇಳಿಸಿದ್ದ.

"ಇದನ್ನ ಯಾವಾಗ ತಂದ್ರಿ?" ಅಂದೆ.

"ನಿನ್ನೆ, ಸ್ಟೋರಿಂದ" ಅಂದರು. "ನೀನು ಕೇಳ್ಲಿಲ್ವಲ್ಲ. ನಾನೂ ಹೇಳ್ಲಿಲ್ಲ, ಸಿಟ್ಟು ಬಂದಿತ್ತು. ಅರ್ಧ ದಾರಿ ಹೋಗಿ ವಾಪಸ್ ಬಂದೆ. ನಿನ್ನ ಕರೆದು ಹೇಳಕ್ಕೆ ಮನಸ್ಸಾಗ್ಲಿಲ್ಲ, ಸರಪಳಿ ತಗೊಂಡು ಹೋದೆ."

ಸಾಬರು ಅದನ್ನ ಅಲ್ಲಿಗೇ ಬಿಟ್ಟು ಕಂಬದ ತುದಿ ತೋರಿಸಿದರು. "ಫಾಲ್ಟು ಇಲ್ಲಿದೆ. ಮುನಿಯಪ್ಪನ ಎತ್ತು ಹೇಳ್ಕೊಟ್ವು." ಮಳೆ ಬಂದ ದಿನ ಎತ್ತುಗಳು ಆ ಕಂಬದ ಹತ್ತಿರ ಹೋಗೋಕೆ ಒಲ್ಲೆ ಅನ್ನುತ್ತಿದ್ದವಂತೆ. ಬಾಲ ಮುರಿದರೂ ಹೆಜ್ಜೆ ಇಡುತ್ತಿರಲಿಲ್ಲವಂತೆ. ಮುನಿಯಪ್ಪ ದೆವ್ವ ಅಂದುಕೊಂಡು ಬುಡಕ್ಕೆ ನಿಂಬೆಹಣ್ಣು ಇಟ್ಟಿದ್ದ. ರಾತ್ರಿ ಮೇಷ್ಟರ ಜಗಲಿಯಲ್ಲಿ ಆ ಮಾತು ಬಂದಾಗ ಸಾಬರಿಗೆ ಹೊಳೆಯಿತು, ನೆಂದ ಕಂಬದಲ್ಲಿ ಕರೆಂಟು ಇಳಿದು ನೆಲದಲ್ಲಿ ಹರೀತಿದೆ, ನಾಲ್ಕು ಕಾಲಿನ ಪ್ರಾಣಿಗೆ ಅದು ಮೊದಲು ತಿಳಿಯುತ್ತೆ ಅಂತ. ಮೂರು ವಾರ ನಾವು ತಂತಿ ನೋಡುತ್ತಿದ್ದೆವು. ನೆಲ ನೋಡಿದ್ದು ಎತ್ತುಗಳು.

"ಹೊಸ ಪಿಂಗಾಣಿ ಚೀಲದಲ್ಲಿದೆ. ಬಿಸಿಲು ಬಿದ್ರೆ ಈ ಬಿರುಕು ಮತ್ತೆ ಸಿಗಲ್ಲ. ನೀನು ಹತ್ತು" ಅಂದರು.

ನಾನು ಹುಟ್ಟಿದಾರಭ್ಯ ಕಂಬ ಹತ್ತಿದವನಲ್ಲ. ಅಟ್ಟದ ಏಣಿ ಹತ್ತೋಕೂ ತಲೆ ಸುತ್ತೋದು. ಆದರೆ ಅವರ ಮುಂದೆ ಆಗಲ್ಲ ಅನ್ನೋಕೆ ನನಗೆ ಯಾವ ಮುಖ ಇತ್ತು. ಹಗ್ಗ ಕಟ್ಟಿಕೊಂಡೆ. ಮುನಿಯಪ್ಪ ಕೆಳಗಿಂದ ತಳ್ಳಿದ. ಕಂಬ ಜಾರುತ್ತಿತ್ತು.

"ಕೈ ನಡುಗಿದ್ರೆ ನಡುಗ್ಲಿ, ಕಾಲು ಗಟ್ಟಿ ಇರ್ಲಿ" ಅಂದರು ಸಾಬರು.

ಮೇಲೆ ಹೋಗಿ ಅಡ್ಡಪಟ್ಟಿ ತಬ್ಬಿಕೊಂಡೆ. ತಂತಿ ಮುಖದ ಮುಂದೆಯೇ ಇತ್ತು. ಮುಟ್ಟಬೇಕು ಅನ್ನುವಾಗ ನೆನಪಾಯ್ತು, ಸರಪಳಿ ತುಂಡಾಗಿದೆ. ಈಗ ನನ್ನ ಮತ್ತು ಆ ಸ್ವಿಚ್ಚಿನ ನಡುವೆ ಇರೋದು ಜೈನಾಬಕ್ಕ ಒಬ್ಬರೇ. ಹೊಸ ಟೈಮು ಹತ್ತಾಗಿರಬೇಕು, ಸೂಪರ್‌ವೈಸರ್ ಬಂದಿರುತ್ತಾರೆ. ಹಿಡಿ ಎಲ್ಲಿ ಅಂತ ಗದರಿಸುತ್ತಾರೆ. ಗಂಡ ಸತ್ತ ಅಂದುಕೊಂಡು ಕೂತಿರುವ ಹೆಂಗಸು, ಈ ದರಿದ್ರದ ಕಬ್ಬಿಣ ನನಗ್ಯಾಕೆ ಅಂತ ಬಿಸಾಡಿಬಿಟ್ಟರೆ? ಯಾಕೆ ಕೊಡಬಾರದು ಅಂತ ನಾನು ಹೇಳೇ ಇಲ್ಲವಲ್ಲ. ಗಂಡನ್ನ ಕೊಂದವನ ಮಾತು ಆಕೆ ಯಾಕಾದರೂ ಕೇಳಬೇಕು? ಸಾಬರು ದಿನಾ ನನ್ನನ್ನ ನಂಬಿ ಹತ್ತುತ್ತಿದ್ದದ್ದು ಹೀಗೇ ಅಲ್ಲವಾ, ಆ ಕಡೆ ಇರೋನು ಏನು ಮಾಡ್ತಿದ್ದಾನೆ ಅಂತ ಕಾಣದೆ.

ಕಣ್ಣು ಮುಚ್ಚಿ ತಂತಿ ಹಿಡಿದೆ. ತಣ್ಣಗಿತ್ತು. ಕೆಳಗಿಂದ ಸಾಬರು ಒಂದೊಂದೇ ಹೇಳಿಕೊಟ್ಟರು, ನಾನು ಬಿಚ್ಚಿದೆ, ಕಟ್ಟಿದೆ. ಹಳೇ ಪಿಂಗಾಣಿ ಕೈಗೆ ಬಂದಾಗ ನೋಡಿದರೆ ಬಿರುಕು ಉಗುರಿನಷ್ಟೂ ಅಗಲ ಇಲ್ಲ. ಕೆಳಗಿನ ಮರ ಮಾತ್ರ ಇದ್ದಿಲಾಗಿತ್ತು. ಇಳಿದ ಮೇಲೆ ಬೆರಳು ಬಿಡಿಸಿಕೊಳ್ಳೋಕೆ ಮುನಿಯಪ್ಪ ಸಹಾಯ ಮಾಡಬೇಕಾಯ್ತು. ಆಮೇಲೆ ಅವನು ಬೈಯುತ್ತಲೇ ಗಾಡಿ ಕಟ್ಟಿ ಸಾಬರನ್ನ ಹುಲ್ಲಿನ ಮೇಲೆ ಮಲಗಿಸಿದ. ನಾನು ಸೈಕಲ್ಲಿನಲ್ಲಿ ಮುಂದೆ ಬಂದೆ.

ಸ್ಟೇಷನ್ನಿನ ಮುಂದೆ ಕೊಡ ಹಿಡಿದ ಜನ. ಸೂಪರ್‌ವೈಸರ್ ಮುಖ ಕೆಂಪಗೆ ಮಾಡಿಕೊಂಡು ಅಂಗಳದಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದರು. ಜೈನಾಬಕ್ಕ ಹೊಸಲಿನ ಮೇಲೆ ಕೂತಿದ್ದರು, ಹಿಡಿ ಮಡಿಲಲ್ಲಿ, ಎರಡೂ ಕೈ ಅದರ ಮೇಲೆ. ಹೆಂಗಸಿನ ಕೈಯಿಂದ ಕಿತ್ತುಕೊಳ್ಳೋದು ಹೇಗೆ ಅಂತ ಯಾರೂ ಹತ್ತಿರ ಹೋಗಿರಲಿಲ್ಲ. ಸೂಪರ್‌ವೈಸರ್ ನನ್ನ ಮೇಲೆ ಎಗರಿದರು. "ಎಂಟು ಅಂದ್ರೆ ಯಾವ ಎಂಟು ಅಂತ ನಾನು ಕೇಳ್ಲಿಲ್ಲ ಸಾರ್. ತಪ್ಪು ನನ್ನದು" ಅಂದೆ. ಆ ಮನುಷ್ಯ ಬೈಯೋದು ಬಿಟ್ಟು ಪಕ್ಕಕ್ಕೆ ಸರಿದರು.

ಜೈನಾಬಕ್ಕ ನನ್ನನ್ನೇ ನೋಡುತ್ತಿದ್ದರು. ನಾನು ಒಬ್ಬನೇ ಬಂದದ್ದು ನೋಡಿದ್ದರು.

"ಬದುಕಿದ್ದಾರೆ ಅಕ್ಕ. ತೋಳಿಗೆ ಪೆಟ್ಟಾಗಿದೆ. ಗಾಡೀಲಿ ಬರ್ತಿದ್ದಾರೆ" ಅಂದೆ. ಆಕೆಯ ಕೈ ಸಡಿಲಾಗಲಿಲ್ಲ. "ಹಿಡಿ ಕೊಡಿ, ಊರಿಗೆ ನೀರು ಬಿಡ್ಬೇಕು" ಅಂತ ಕೈ ಚಾಚಿದೆ.

"ಅವರು ಬರ್ಲಿ" ಅಂದರು. "ನಿನ್ನ ಕೈಗೆ ಕೊಡಲ್ಲ."

ಜನ ಗೊಣಗಿದರು. ಆಕೆ ಕದಲಲಿಲ್ಲ. ಮಧ್ಯಾಹ್ನದವರೆಗೆ ಆ ಹೊಸಲಿನ ಮುಂದೆ ನಾವೆಲ್ಲ ಹಾಗೇ ನಿಂತಿದ್ದೆವು. ಆಮೇಲೆ ಮುನಿಯಪ್ಪನ ಗಾಡಿ ಬಂತು. ಸಾಬರು ಹುಲ್ಲಿನ ಮೇಲಿಂದ ನಿಧಾನಕ್ಕೆ ಇಳಿದು, ಬಲಗೈಯನ್ನ ಎಡಗೈಯಲ್ಲಿ ಹಿಡಿದುಕೊಂಡು ಒಳಗೆ ಬಂದರು. ಜೈನಾಬಕ್ಕ ಎದ್ದು ಅವರ ಮುಖ, ಎದೆ, ಕೈ ಎಲ್ಲಾ ಮುಟ್ಟಿ ನೋಡಿದರು. ಆಮೇಲೆ ಹಿಡಿಯನ್ನ ಅವರಿಗೆ ಕೊಟ್ಟು ಗೋಡೆ ಕಡೆ ತಿರುಗಿ ಅತ್ತರು.

ಸಾಬರು ಅದನ್ನ ನನಗೆ ಚಾಚಿದರು. ತಗೊಂಡೆ. ಸ್ವಿಚ್ಚಿಗೆ ಸಿಕ್ಕಿಸಿದೆ. ಎತ್ತೋಕೆ ಕೈ ಬರಲಿಲ್ಲ. ಗಡಿಯಾರ ನೋಡಿದೆ, ಬಾಗಿಲು ನೋಡಿದೆ, ಲೈನಿನ ಮೇಲೆ ಯಾರೂ ಇಲ್ಲ ಅಂತ ಗೊತ್ತು. ಆದರೂ ಬರಲಿಲ್ಲ. ಸಾಬರು ಬಂದು ನನ್ನ ಪಕ್ಕ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ನಿಂತರು.

"ಹಾಕೋ" ಅಂದರು. "ನಾನು ಇಲ್ಲೇ ಇದೀನಲ್ಲ."